ತೂತು ಕೊರೆದ ಪೈಪು

ಭಾವ,

ನಮ್ಮ ದೋಣಿಯನ್ನು ನೀರಿಗೆ ಎಳೆದೊಯ್ಯಲು ಹೊಸ ಟ್ರೇಲರ್ ಬೇಕಿತ್ತಲ್ಲ, ಅದನ್ನು ನೋಡಲು ಇವತ್ತು ಅಂಗಡಿಗೆ ಹೋಗಿದ್ದೆ. ಅಳತೆ ತೋರಿಸಲೆಂದು, ಅಚ್ಚು ಮುರಿದ ಹಳೆಯದನ್ನೂ ಲಾರಿಗೆ ಏರಿಸಿ ಒಯ್ದಿದ್ದೆ.

"ಕೆರೆಗೋ, ಸಮುದ್ರಕ್ಕೋ?" ಎಂದು ಅಂಗಡಿಯವರು ಕೇಳಿದರು. ಎರಡಕ್ಕೂ ಎಂದೆ.

"ಹಾಗಾದ್ರೆ ಗ್ಯಾಲ್ವನೈಸ್ ಮಾಡಿದ್ದೇ ತಗೊಳ್ಳಿ, ಬೇಗ ತುಕ್ಕು ಹಿಡಿಯಲ್ಲ. ಆದ್ರೂ ಸಮುದ್ರದಿಂದ ಬಂದ ತಕ್ಷಣ ಸಿಹಿನೀರಲ್ಲಿ ತೊಳೀದಿದ್ರೆ ಯಾವುದೂ ಬಾಳಲ್ಲ. ನಿಮ್ಮ ಈ ಅಚ್ಚನ್ನ ಉಪ್ಪೇ ತಿಂದಿದೆ."

ಆಮೇಲೆ ಬಗ್ಗಿ, ಹಳೆಯದರ ತಳಕ್ಕೆ ನೀವು ಕಟ್ಟಿದ್ದ ತೂತು ಕೊರೆದ ಪೈಪನ್ನು ನೋಡಿದರು. "ನಲ್ಲಿಗೆ ಸಿಕ್ಕಿಸಿದ್ರೆ ಸಾಕು, ಅಡಿಯೆಲ್ಲಾ ತಾನೇ ತೊಳೆದುಹೋಗತ್ತೆ. ತಲೆ ಓಡ್ಸಿದಾರೆ! ಯಾರು ಮಾಡಿದ್ದು?"

"ನಾನೇ" ಎಂದುಬಿಟ್ಟೆ.

ಅವರು ಕಟ್ಟಿಹೋಗಿದ್ದ ತೂತುಗಳ ಮೇಲೆ ಉಗುರಾಡಿಸಿ ನನ್ನ ಮುಖ ನೋಡಿದರು. "ಇದ್ರಲ್ಲಿ ನೀರು ಹರಿದು ವರ್ಷವಾದ ಹಾಗಿದೆ. ಇಷ್ಟು ಚೆಂದ ಮಾಡಿದವರಿಗೆ ತೊಳೆಯೋಕೆ ಏನ್ರೀ ಕಷ್ಟ?"

ಗಾಡಿ ಓಡಿಸುವುದು ನಿಮ್ಮ ಕೆಲಸ, ಟ್ರೇಲರ್ ತೊಳೆಯುವುದು ನನ್ನದಾಗಿತ್ತು. ನಡುರಸ್ತೆಯಲ್ಲಿ ಅಚ್ಚು ಮುರಿದ ದಿನ, ಅಷ್ಟು ಜನರ ಮುಂದೆ, "ಓಡಿಸೋಕೆ ಬರದವರು ಸ್ಟೇರಿಂಗ್ ಯಾಕೆ ಮುಟ್ತೀರಿ?" ಎಂದು ನಿಮ್ಮ ಮೇಲೆ ಹರಿಹಾಯ್ದವನೂ ನಾನೇ. ಅವತ್ತಿನಿಂದ ನೀವು ನಮ್ಮ ಮನೆಗೆ ಕಾಲಿಟ್ಟಿಲ್ಲ.

ಗ್ಯಾಲ್ವನೈಸ್ ಮಾಡಿದ್ದನ್ನೇ ತಂದೆ. ನಿಮ್ಮ ಪೈಪನ್ನು ಬಿಚ್ಚಿ, ಒಂದೊಂದೇ ತೂತನ್ನು ದಬ್ಬಳದಿಂದ ಬಿಡಿಸಿ, ಹೊಸದಕ್ಕೆ ಕಟ್ಟಿದೆ. ಅಷ್ಟರಲ್ಲಿ ಅಕ್ಕ ಫೋನ್ ಮಾಡಿದಳು.

"ಅಂಗಡೀಲಿ ಏನಂದ್ರು, ಅಚ್ಚು ಮುರಿದಿದ್ದು ಯಾಕಂತೋ? ಇವ್ರು ಪಕ್ಕದಲ್ಲೇ ಕೂತಿದಾರೆ, ಕೇಳು ಅಂತಿದಾರೆ."

"ಹಳೇದಾಗಿತ್ತಂತೆ ಕಣಕ್ಕ" ಎಂದೆ. ಫೋನಿಟ್ಟ ಮೇಲೆ ಇದನ್ನು ಬರೆಯಲು ಕೂತೆ.