ಅಪ್ಪಾ, ಸ್ಟ್ಯಾಂಡು

ಅಪ್ಪಾ,

ಇವತ್ತಿಂದ ನನಗೆ ಬೆಳಗಿನ ಶಿಫ್ಟು. ಬಸ್ಸಲ್ಲಿ ಹೋಗ್ತೀನಿ. ಟೀ ಫ್ಲಾಸ್ಕಲ್ಲಿದೆ.

ಗೇರ್ ಹಾಕಿದ ತಕ್ಷಣ ಬೈಕು ಆಫ್ ಆದ್ರೆ ಕೆಟ್ಟಿದೆ ಅಂದ್ಕೊಂಡು ಮೆಕ್ಯಾನಿಕ್‌ಗೆ ಬಯ್ಯಬೇಡ. ನೀನು ಸೈಡ್ ಸ್ಟ್ಯಾಂಡ್ ಎತ್ತಿರಲ್ಲ, ಅಷ್ಟೇ. ಸುಮ್ನೆ ಕಾಟ ಅಂತ ನೀನು ತೆಗೆಸಿ ಹಾಕಿದ್ದ, ಸ್ಟ್ಯಾಂಡ್ ಎತ್ತದಿದ್ರೆ ಗಾಡಿ ಆಫ್ ಮಾಡೋ ಸ್ವಿಚ್ಚನ್ನ ನಿನ್ನೆ ನಾನೇ ಮತ್ತೆ ಹಾಕಿಸಿದೆ.

“ಹೇಳೋಕೆ ಹಿಂದೆ ನೀನಿದ್ದೀಯಲ್ಲ” ಅಂತಿದ್ದೆ ನೀನು. ಆರು ವರ್ಷದಿಂದ ದಿನಾ ಗೇಟಿನ ಹತ್ರ ನಿನ್ನ ಬೆನ್ನು ತಟ್ಟಿ “ಅಪ್ಪಾ, ಸ್ಟ್ಯಾಂಡು” ಅಂದಿದ್ದೀನಿ. ಒಂದು ದಿನವಾದ್ರೂ ನೀನಾಗೇ ಎತ್ತಿದ್ದು ನಾನು ಕಾಣೆ.

ಮತ್ತೆ ಅದರ ವೈರ್‌ಗೆ ಕೈ ಹಾಕಿದ್ರೆ ನಾನು ಸುಮ್ನಿರಲ್ಲ. ಹೆಲ್ಮೆಟ್ಟು ಫ್ರಿಜ್ ಮೇಲಿದೆ.

ಗಾಡಿ ಆಫ್ ಆಗಿ ಸಿಟ್ಟು ಬಂದ್ರೆ, ಹಿಂದಿಂದ ನಾನೇ ಬೆನ್ನು ತಟ್ಟಿದೆ ಅಂದ್ಕೋ.