ಹಾಡಿನಲ್ಲಿ ಹೆಸರು ಬದಲಾಯಿತು

ಸೈನಿಕ ಶಿಬಿರದ ತಾಲೀಮು ಮನೆ,
ಜನವರಿ ೧೪, ಬೆಳಿಗ್ಗೆ

ಗಡಿಯಾಚೆ ಕೂತು ಏಳು ವರ್ಷದಿಂದ ನನ್ನ ಮೇಲೆ ಮುನಿದಿರುವ ಗಂಡ ಕೊಜೊಗೆ, ಅಕುವಿಯ ನಮಸ್ಕಾರ.

ಕೇಳು ಮಹಾರಾಯ! ಜನರಲ್ ತಂಕೂಲಾ ಸತ್ತಿದ್ದಾರೆ. ರೇಡಿಯೋ ಇನ್ನೂ ಹೇಳಿಲ್ಲ, ಹಾಡು ಹೇಳಿತು.

ನಿನ್ನೆ ನಮ್ಮ ಸ್ತುತಿಮೇಳದ ನಲವತ್ತು ಹೆಂಗಸರನ್ನೂ ಡೋಲಿನವರನ್ನೂ ಇಲ್ಲಿಗೆ ತಂದು, ಫೋನು ಕಿತ್ತುಕೊಂಡು, ಬಾಗಿಲು ಹಾಕಿದರು. ಮೇಳದ ಮೇಷ್ಟ್ರು ಬೆವರೊರೆಸಿಕೊಳ್ಳುತ್ತಾ, ಜನರಲ್ಲರ ಹೆಸರು ಬರುವ ಕಡೆಯೆಲ್ಲ ಇನ್ನು ಮಗ ಮಾರ್ಸೆಲ್ಲನ ಹೆಸರು ಹಾಡಿ ಅಂದರು. ಮೂವತ್ತೆಂಟು ವರ್ಷ ಒಂದೇ ಹೆಸರಿಗೆ ಕುಣಿದ ಮೇಳ! ಮುದುಕ ಡೋಲಿನವನ ಕೈ ಹಳೇ ಹೆಸರಿಗೇ ಬಡಿಯಿತು. ಸಿಪಾಯಿ ಬಂದೂಕಿನ ಹಿಡಿಯಿಂದ ಡೋಲು ತಟ್ಟಿ, ಏನ್ ತಾತಾ, ಕಿವಿ ಮನೇಲೇ ಬಿಟ್ಟು ಬಂದ್ಯಾ ಅಂದ. ನಮ್ಮ ದಪ್ಪ ದೇಲಾ ಸುಮ್ಮನಿರುವಳೇ? ಅಪ್ಪ ಸ್ನಾನಕ್ಕೆ ಹೋದ ಹೊತ್ನಲ್ಲಿ ಮಗ ಕುರ್ಚಿ ಏರಿಬಿಟ್ನೇನ್ರೇ ಅಂತ ಕೇಳಿಯೇಬಿಟ್ಟಳು. ಮೇಷ್ಟ್ರು ಟೋಪಿ ತೆಗೆದು ಎದೆಗೊತ್ತಿಕೊಂಡರು. ಎಲ್ಲರಿಗೂ ತಿಳಿದುಹೋಯಿತು.

ಆ ಹಾಡು ಕಟ್ಟಿದವನು ನೀನು. ಅದಕ್ಕೆ ಮಗನ ಹೆಸರನ್ನೂ ಸೇರಿಸು ಅಂತ ಜನರಲ್ ಅಂದಾಗ, ಇದು ಹಾಡು ಸ್ವಾಮೀ, ಆಸ್ತಿಪತ್ರ ಅಲ್ಲ ಅಂತ ಅರಮನೆಯಲ್ಲೇ ಗುಡುಗಿದವನು ನೀನು. ಓಡಿಹೋದವನೂ ನೀನೇ. ಕುಣಿಯಲು ಉಳಿದವಳು ನಾನು. ನಾನು ಕುಣಿಯದಿದ್ದರೆ ನಿನ್ನ ತಾಯಿಯ ತಟ್ಟೆಗೆ ಮೆಕ್ಕೆಜೋಳದ ಅಕುಮೆ ಮುದ್ದೆ ಎಲ್ಲಿಂದ ಬೀಳುತ್ತಿತ್ತು? ಅದನ್ನು ನೀನು ಯಾವತ್ತೂ ಕೇಳಲಿಲ್ಲ.

ಜನರಲ್ ಸತ್ತ ದಿನವೇ ಗಡಿ ದಾಟಿ ಬರುತ್ತೇನೆ ಅಂತ ಆಣೆ ಇಟ್ಟಿದ್ದೆಯಲ್ಲ, ಬರಬೇಡ! ನಾಳೆ ರೇಡಿಯೋ ಅಳುತ್ತದೆ. ದೇಶ ಬಿಟ್ಟವರೆಲ್ಲ ಬನ್ನಿ, ಕ್ಷಮಿಸಿದ್ದೇವೆ ಅನ್ನುತ್ತದೆ. ಗಡಿಯಲ್ಲಿ ಕಾಯುತ್ತಿರುವುದು ಕ್ಷಮೆಯಲ್ಲ, ಹೆಸರುಗಳ ಪಟ್ಟಿ. ನಿನ್ನದು ಮೂರನೆಯದು. ಈ ಶಿಬಿರದ ಕ್ಯಾಪ್ಟನ್ನನ ಮೇಜಿನ ಮೇಲೆ ಕಣ್ಣಾರೆ ಕಂಡೆ. ಅಲ್ಲಿಗೆ ನನ್ನನ್ನೇಕೆ ಕರೆಸಿದ್ದರು ಅನ್ನುವುದು ಈಗ ಬೇಡ ಬಿಡು.

ನಮಗೆ ಊಟ ತರುವ ಟೊಮೆಟೊ ವ್ಯಾಪಾರದ ಹೆಂಗಸು ಬುಟ್ಟಿಯ ತಳದಲ್ಲಿಟ್ಟು ಇದನ್ನು ದಾಟಿಸುತ್ತಾಳೆ. ಓದಿ ಸುಡು. ಅಲ್ಲೇ ಇರು. ಮುನಿಸಿಕೊಂಡೇ ಇರು, ಆದರೆ ಬದುಕಿರು.

ನೀನು ಕ್ಷಮಿಸದ ಕುಣಿತದವಳು,
ಅಕುವಿ

ತಾ.ಕ.: ನಾಳಿದ್ದು ಇನ್ನೊಂದು ಪತ್ರ ಬರುತ್ತದೆ, ಅದೂ ನನ್ನದೇ ಕೈಬರಹ. ಕ್ಯಾಪ್ಟನ್ ಎದುರಿಗೆ ಕೂತು ಬರೆಸಿದ್ದು. ಮನೆಗೆ ಬಾ, ಭಯವಿಲ್ಲ ಅಂತಿದೆ. ಅವನು ಹೇಳಿಕೊಟ್ಟದ್ದು ಅಷ್ಟೇ. ಏಳು ವರ್ಷದಿಂದ ಮಂಚದಲ್ಲಿ ನಿನ್ನ ಮಗ್ಗುಲನ್ನು ಖಾಲಿ ಬಿಟ್ಟೇ ಮಲಗುತ್ತೇನೆ ಅಂತ ಅದರಲ್ಲಿರುವ ಸಾಲನ್ನು ಯಾರೂ ಹೇಳಿಕೊಡಲಿಲ್ಲ. ಆ ಪತ್ರವನ್ನು ಸುಡಬೇಡ.