ಸುರಂಗ ಅಣ್ಣನದು, ಸೇತುವೆ ನನ್ನದು

ಜೂನ್ 4, ಬುಧವಾರ

ಆಟದ ರೈಲಿನ ಇಳಿಜಾರು ಇನ್ನೂ ಒಣಗಿಲ್ಲ. ಹಲ್ಲಿನ ಲ್ಯಾಬಿನಲ್ಲಿ ಉಳಿದ ಪ್ಲಾಸ್ಟರ್ ತಂದು ಮತ್ತೆ ಅತ್ತಿಗೆಯ ಪಾತ್ರೆಯಲ್ಲೇ ಕಲಸಿದ್ದೆ. ಸಿಕ್ಕಿಬಿದ್ದೆ.

"ಜನರ ಬಾಯಿಗೆ ಹಲ್ಲು ಕಟ್ಟೋ ಕೈಯಲ್ಲಿ ನನ್ನ ಪಾತ್ರೆಗೆ ಯಾಕೋ ಗೋಡೆ ಕಟ್ತೀಯ?"

ಅಣ್ಣ ನಕ್ಕ. ಅವನಿಗೂ ಬಿತ್ತು. "ನೀವೇನು ನಗೋದು? ಅರವತ್ತಕ್ಕೆ ಅರಳು ಮರಳು ಅಂತಾರೆ. ಈ ಮನೇಲಿ ಜೋಡಿ!"

ಹಿಂದಿನ ಕೋಣೆಯಲ್ಲಿ ಈಗ ಮೇಜು ಬಿಟ್ಟರೆ ಜಾಗವಿಲ್ಲ. ಎಡಕ್ಕೆ ಅಣ್ಣನ ಸುರಂಗ, ಬಲಕ್ಕೆ ನನ್ನ ಮೇಲ್ಸೇತುವೆ. ರಿಟೈರ್ ಆಗುವವರೆಗೂ ನೆಲದಡಿಯ ರೈಲು ಓಡಿಸಿದವನು, ಬೆಳಕು ಕಂಡರಾಗದು. ನಾನು ಲ್ಯಾಬಿಗೆ ಹೋಗುವುದು ಮೇಲಿನ ರೈಲಿನಲ್ಲಿ, ಯಾರದೋ ಮನೆಯ ಮಹಡಿ ಕಿಟಕಿಗಳನ್ನು ನೋಡುತ್ತಾ. "ಅದು ರೈಲಲ್ಲ ಪುಟ್ಟ, ಬಟ್ಟೆ ಒಣಗಿಸೋ ತಂತಿ" ಎನ್ನುತ್ತಾನೆ. ಅವನ ಸ್ಟೇಷನ್ನಿನ ಬೆಂಚುಗಳೆಲ್ಲ ಗುಲಾಬಿ ಬಣ್ಣ. ಹಲ್ಲು ಸೆಟ್ಟಿನ ವಸಡಿಗೆ ಬಳಸುವ ಪ್ಲಾಸ್ಟಿಕ್, ನಾನೇ ಕೊಟ್ಟದ್ದು. ಜನ ವಸಡಿನ ಮೇಲೆ ಕೂತಿದ್ದಾರೆ ಅಂದರೆ ಅವನಿಗೆ ಸಿಟ್ಟು.

ಜೂನ್ 8, ಭಾನುವಾರ

ಓಡಿತು! ಸುರಂಗದಿಂದ ಇಳಿಜಾರು ಹತ್ತಿ ಸೇತುವೆಗೆ. ಒಂದು ಸಲವೂ ಬೀಳಲಿಲ್ಲ.

ಸುರಂಗದ ಬಾಯಲ್ಲಿ ಹಳಿ ಕತ್ತರಿಸಿ ನಡುವೆ ಪ್ಲಾಸ್ಟಿಕ್ ಚೂರು ಇಟ್ಟಿದ್ದೇವೆ. ಆ ಕಡೆಯ ಕರೆಂಟು ಈ ಕಡೆ ಬರದು. ವೇಗಕ್ಕೆ ತಿರುಗಿಸುವ ನಾಬ್ ಇರುವ ಕಂಟ್ರೋಲರ್ ಅವನಿಗೊಂದು, ನನಗೊಂದು. ಗಡಿ ದಾಟುವಾಗ ಇಬ್ಬರ ನಾಬೂ ಒಂದೇ ವೇಗದಲ್ಲಿರಬೇಕು, ಇಲ್ಲದಿದ್ದರೆ ರೈಲು ಮುಗ್ಗರಿಸುತ್ತದೆ. ಒಬ್ಬರ ನಾಬನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅಣ್ಣನ ಕಾನೂನು. ಅವನು ಕಣ್ಣು ಮುಚ್ಚಿ ಓಡಿಸುತ್ತಾನೆ — ಸುರಂಗದೊಳಗೆ ಹೇಗೂ ಕಾಣುವುದಿಲ್ಲ, ಸದ್ದೇ ಸಾಕಂತೆ. "ತಗೋ" ಅಂದ. "ಬಂತು" ಅಂದೆ.

ಅತ್ತಿಗೆ ಬಾಗಿಲಲ್ಲೇ ನಿಂತು ನೋಡಿದರು. "ಇಷ್ಟಕ್ಕೇನಾ ಎರಡು ವರ್ಷ?" ಆದರೂ ಇನ್ನೊಂದು ಸುತ್ತು ಮುಗಿಯುವವರೆಗೆ ಹೋಗಲಿಲ್ಲ.

ಜೂನ್ 20, ಶುಕ್ರವಾರ — ಆಸ್ಪತ್ರೆ

ಸ್ಟ್ರೋಕ್. ಅಣ್ಣನ ಬಲಗೈ, ಬಲಗಾಲು ಆಡುತ್ತಿಲ್ಲ. ಮಾತಿಲ್ಲ. ಮುಖದ ಒಂದು ಕಡೆ ಜಾರಿದೆ.

ಹಲ್ಲು ಮುಖದ ಆಕಾರವನ್ನು ಎತ್ತಿ ಹಿಡಿಯುತ್ತದೆ ಅಂತ ಲ್ಯಾಬಿಗೆ ಬರುವವರಿಗೆಲ್ಲ ಪಾಠ ಹೇಳುತ್ತೇನೆ. ಅಣ್ಣನ ಹಲ್ಲೆಲ್ಲ ಗಟ್ಟಿಯಾಗಿವೆ. ಏನು ಬಂತು.

ಹೆದರಿಕೆ ಆಗುತ್ತಿದೆ. ಅಪ್ಪ ಹೋದಾಗಲೂ ಹೀಗಾಗಿರಲಿಲ್ಲ. ಆಗ ಅಣ್ಣ ಇದ್ದ.

ಜುಲೈ 2, ಬುಧವಾರ

ಇಂದು ನನ್ನ ಗುರುತು ಹಿಡಿದ. ಎಡಗೈಯಿಂದ ನನ್ನ ಅಂಗಿಯ ಗುಂಡಿ ತಿರುಗಿಸಿದ, ಹಿಂದಕ್ಕೆ, ಮುಂದಕ್ಕೆ. ಅತ್ತಿಗೆಗೆ ಅರ್ಥವಾಗಲಿಲ್ಲ. ನನಗಾಯಿತು. "ರೈಲು ಚೆನ್ನಾಗಿದೆ ಅಣ್ಣ. ಬೇಗ ಬಾ."

ಫಿಜಿಯೋ ಹುಡುಗಿ ಹೇಳಿದಳು: ಮನಸ್ಸಿಗೆ ಹಿಡಿಸೋ ಕೆಲಸ ಕೊಡಿ, ಸುಲಭದ್ದು ಇರಲಿ.

ಸುಲಭದ್ದು...

ಜುಲೈ 6, ಭಾನುವಾರ

ಮುಗಿಸಿದೆ. ಪ್ಲಾಸ್ಟಿಕ್ ಚೂರು ತೆಗೆದು ಹಳಿಗಳನ್ನು ಸೋಲ್ಡರ್ ಹಾಕಿ ಸೇರಿಸಿದೆ. ಇನ್ನು ಗಡಿಯಿಲ್ಲ, ವೇಗ ಹೊಂದಿಸುವ ಗೋಜಿಲ್ಲ. ಒಂದೇ ಕಂಟ್ರೋಲರ್, ದೊಡ್ಡ ನಾಬ್, ಎಡಗೈಗೆ ಸಿಗುವಂತೆ. ಅಣ್ಣ ಇಡೀ ಲೈನು ಒಬ್ಬನೇ ಓಡಿಸಬಹುದು. ಅವನ ಹಳೆ ಕಂಟ್ರೋಲರ್ ಅಟ್ಟಕ್ಕೆ ಹಾಕಿದೆ.

ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜುಲೈ 11, ಶುಕ್ರವಾರ

ಅಣ್ಣನನ್ನು ಮನೆಗೆ ಕರೆತಂದೆವು. ನೇರ ಹಿಂದಿನ ಕೋಣೆಗೆ ಅಂತ ಕೈ ತೋರಿಸಿದ. ಗಾಲಿಕುರ್ಚಿ ಒಳಗೆ ತಿರುಗಿಸುವಷ್ಟರಲ್ಲಿ ಜೀವ ಬಾಯಿಗೆ ಬಂತು.

ಮೇಜು ನೋಡಿದ. ತನ್ನ ಕಂಟ್ರೋಲರ್ ಇದ್ದ ಜಾಗ ನೋಡಿದ. ಸುರಂಗದ ಬಾಯಿಗೆ ಬಗ್ಗಿ ಸೋಲ್ಡರ್ ಮೇಲೆ ಬೆರಳಾಡಿಸಿದ. ನಾನೋ, ಬಾಯಿ ಮುಚ್ಚದೆ ವಿವರಿಸುತ್ತಿದ್ದೆ — ನೋಡಣ್ಣ, ಈಗ ಎಷ್ಟು ಸುಲಭ, ಒಬ್ಬರೇ ಸಾಕು...

"ಯಾಕೆ?" ಅಂದ.

ಆಸ್ಪತ್ರೆಯಲ್ಲಿ ನಾವೆಲ್ಲ ಕಾದು ಕೂತಿದ್ದ ಮೊದಲ ಮಾತು. ಸ್ಪಷ್ಟವಾಗಿ ಬಂತು.  ಕುರ್ಚಿ ಹಿಂದಕ್ಕೆ ತಿರುಗಿಸು ಅಂತ ಅತ್ತಿಗೆಗೆ ಸನ್ನೆ ಮಾಡಿದ.

ಜುಲೈ 14, ಸೋಮವಾರ

ಕೋಣೆಗೆ ಬರುತ್ತಿಲ್ಲ. ಊಟಕ್ಕೂ ಗೋಡೆಗೆ ಮುಖ. ವ್ಯಾಯಾಮ ಬೇಡ ಅಂತ ಫಿಜಿಯೋ ಹುಡುಗಿಯನ್ನೂ ವಾಪಸು ಕಳಿಸಿದ್ದಾನೆ.

ಅತ್ತಿಗೆಗೆ ಹೇಳಿಕೊಂಡೆ. "ಅವನಿಗೆ ಕಷ್ಟ ಆಗ್ಬಾರ್ದು ಅಂತಾನೇ ಮಾಡಿದ್ದು."

"ನಿಮ್ಮಣ್ಣಂಗೆ ರೈಲು ಓಡ್ಸೋ ಚಟ ಅಂದ್ಕೊಂಡ್ಯಾ? ಅದನ್ನ ಜೀವಮಾನ ಪೂರ್ತಿ ಓಡ್ಸಿದ್ದಾರೆ, ಸಾಕಾಗಿತ್ತು. ಆ ಸುರಂಗದ ಬಾಯಿ ಹತ್ರ ನೀನು ಕಾಯ್ತಾ ಇರ್ತಿದ್ದೆ ನೋಡು, ಅದಕ್ಕೆ ಕೂರ್ತಿದ್ರು."

ಉಪಕಾರ ಮಾಡಲು ಹೋಗಿ ಅವನನ್ನೇ ಕಿತ್ತು ಅಟ್ಟಕ್ಕೆ ಹಾಕಿದೆ. ಮೂರ್ಖ ನಾನು.

ಜುಲೈ 16, ಬುಧವಾರ

ಲ್ಯಾಬಿಗೆ ರಜೆ. ಹಲ್ಲು ಕೊಯ್ಯುವ ಸಣ್ಣ ಗರಗಸದಲ್ಲಿ ಹಳಿ ಮತ್ತೆ ಕತ್ತರಿಸಿದೆ. ಗರಗಸ ಜಾರಿ ಸುರಂಗದ ಅಂಚು ಸ್ವಲ್ಪ ಮುರಿಯಿತು. ರಿಪೇರಿ ಮಾಡಿಲ್ಲ. ಆ ಕಡೆ ಅವನದು, ಬೈದು ಅವನೇ ಮಾಡಲಿ.

ಕಂಟ್ರೋಲರ್ ಇಳಿಸಿ ಎಡಗೈ ಕಡೆ ಕೂರಿಸಿದೆ. ಬಾಗಿಲು ತೆರೆದೇ ಇಟ್ಟಿದ್ದೇನೆ. ಬಾ ಅಂತ ಕರೆಯಲು ಧೈರ್ಯವಿಲ್ಲ.

ಜುಲೈ 27, ಭಾನುವಾರ

ಬಂದ! ಕೋಲೂರಿ, ಕಾಲೆಳೆದುಕೊಂಡು, ತಾನೇ. ಹತ್ತು ದಿನದಿಂದ ಫಿಜಿಯೋ ಹುಡುಗಿಗೆ ಬೇಡ ಅಂದಿರಲಿಲ್ಲ. ಅತ್ತಿಗೆ ಹಿಂದೆ ಹಿಂದೆ, ಉಸಿರು ಬಿಗಿಹಿಡಿದು.

ಮುರಿದ ಅಂಚು ಮೊದಲು ಕಂಡಿತು. ನನ್ನನ್ನು ದುರುಗುಟ್ಟಿ ನೋಡಿದ. ಎಷ್ಟು ಸಂತೋಷವಾಯಿತು ನನಗೆ.

ಎಡಗೈ ನಡುಗುತ್ತದೆ. ಸುರಂಗದೊಳಗೆ ರೈಲು ಒಮ್ಮೆ ಓಡಿ, ಒಮ್ಮೆ ನಿಂತು, ತೆವಳುತ್ತಾ ಬಂತು. ಅವನ ನಡುಕಕ್ಕೆ ಸರಿಯಾಗಿ ನನ್ನ ನಾಬನ್ನೂ ನಡುಗಿಸಬೇಕಾಯಿತು. ಗಡಿಯಲ್ಲಿ ಮುಗ್ಗರಿಸಿ ಕೊನೆಯ ಬೋಗಿ ಮಗುಚಿತು. ಅಣ್ಣ ಅರ್ಧ ಮುಖದಲ್ಲಿ ನಕ್ಕ. ಆ ಮುಖದ ಮೇಲೆ ನನಗೆ ಇಷ್ಟು ಪ್ರೀತಿ ಇದೆ ಅಂತ ಗೊತ್ತೇ ಇರಲಿಲ್ಲ.

ಆಗಸ್ಟ್ 3, ಭಾನುವಾರ

ಈ ವಾರ ದಿನಾ ಓಡಿಸಿದೆವು. ಇಂದು ಒಂದೇ ಸಮನೆ ಗಡಿ ದಾಟಿಸಿದ. ವಾಪಸು ಬಂದ ರೈಲನ್ನು ಸುರಂಗದ ಒಳಗಿನ ಸ್ಟೇಷನ್ನಿನಲ್ಲಿ ನಿಲ್ಲಿಸಿದ. ಅದು ಹೊರಗಿನಿಂದ ಕಾಣುವುದೇ ಇಲ್ಲ. ಆದರೂ ಅದರ ಗೋಡೆಗೆ ಒಂದೊಂದು ಟೈಲ್ಸೂ ಬರೆದಿದ್ದಾನೆ. ಯಾರು ನೋಡುತ್ತಾರೆ ಅಂತ ಹಿಂದೆ ಕೇಳಿದ್ದೆ. "ಇಳಿಯೋರು ನೋಡ್ತಾರೆ" ಅಂದಿದ್ದ.

ದಣಿದಿದ್ದ. "ನಾಳೆ" ಅಂದ.

ಆಗಸ್ಟ್ 18, ಸೋಮವಾರ

ಅಣ್ಣ ಹೋದ. 4ನೇ ತಾರೀಖು, ಬೆಳಿಗ್ಗೆ, ಎರಡನೇ ಸ್ಟ್ರೋಕ್.

ನೆಂಟರೆಲ್ಲ ಹೊರಟುಹೋದರು. ಇಂದು ಲ್ಯಾಬಿಗೆ ಹೋಗಿದ್ದೆ. ಯಾರದೋ ಮೇಲಿನ ಸೆಟ್ಟಿಗೆ ಕೆಳಗಿನ ಹಲ್ಲು ಕೂರಿಸಿದ್ದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 24, ಭಾನುವಾರ — ಸಂಜೆ

ರೈಲು ಇನ್ನೂ ಒಳಗೇ ಇದೆ. ಕೈ ಹಾಕಿದರೂ ಸಿಗದಷ್ಟು ಒಳಗೆ. ಅಣ್ಣನ ನಾಬ್ ತಿರುಗಿಸಿದರೆ ಸಾಕು, ಬರುತ್ತದೆ. ನಾನು ಮುಟ್ಟುವುದಿಲ್ಲ. ಒಮ್ಮೆ ಮುಟ್ಟಿ ಸಾಕಾಗಿದೆ. ಅಲ್ಲೇ ಇರಲಿ, ಅವನು ನಿಲ್ಲಿಸಿದಲ್ಲೇ. ಕೋಣೆಗೆ ಬೀಗ ಹಾಕುವುದೆಂದು ತೀರ್ಮಾನ ಮಾಡಿ ಕೊನೆಯ ಸಲ ನನ್ನ ಕಡೆ ಕೂತು ಇದನ್ನು ಬರೆಯುತ್ತಿದ್ದೇನೆ.

ಅತ್ತಿಗೆ ಬಂದರು. ಹೇಳಿದೆ. 

"ರಾತ್ರಿ ಪಾಳಿ ಇದ್ದಾಗೆಲ್ಲ ಆ ಕತ್ತಲೆಯಿಂದ ಬರ್ತಾರೋ ಇಲ್ವೋ ಅಂತ ಕಾದಿದ್ದೀನಿ ಕಣೋ. ಇನ್ನು ಇದನ್ನೂ ಒಳಗೆ ಬಿಟ್ಟು ಕಾಯೋಕೆ ನನ್ ಕೈಲಾಗಲ್ಲ."

ಅಣ್ಣನ ಕುರ್ಚಿಯಲ್ಲಿ ಕೂತರು. ಕಣ್ಣೊರೆಸಿಕೊಂಡರು. ಯಾವ ಕಡೆ ತಿರುಗಿಸಬೇಕು ಅಂತ ಕೇಳುತ್ತಿದ್ದಾರೆ.  ಬರೆಯುವ ನೆಪದಲ್ಲಿ ತಲೆ ತಗ್ಗಿಸಿದ್ದೇನೆ.

ತಿರುಗಿಸಿಯೇ ಬಿಟ್ಟರು. ಒಳಗೆ ಸದ್ದು. ಅಯ್ಯೋ, ಎಷ್ಟು ಜೋರು... ಈ ವೇಗದಲ್ಲಿ ಇಳಿಜಾರಿಗೆ ಬಂದರೆ ಬಿದ್ದೇ — ನಿಧಾನ ಅತ್ತಿಗೆ, ನಿಧಾನ, ನಾನು ಇನ್ನೂ ನನ್ನ ನಾಬ್ ಹಿಡಿದೇ —